ಎರಡಕ್ಕೆ ಹೊರಟು ನಾಲ್ಕೂವರೆಗೆ ಅಮೆರಿಕ

ಎರಡು ಮೂರು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳು. ನಮ್ಮ ದೊಡ್ಡಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟಿದ್ದರು. ಮಗಳು ಇರುವುದು ಫ್ರೀಮಾಂಟ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ. ಅವಳೇ ಟಿಕೆಟ್ ಮಾಡಿಸಿ ವಾಟ್ಸಾಪಿಗೆ ಹಾಕಿದ್ದಳು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಎರಡೆರಡು ಸಲ ಓದಿದರು. ಬೆಂಗಳೂರು ಬಿಡುವುದು ಭಾನುವಾರ ಮಧ್ಯಾಹ್ನ 2:00. ಸ್ಯಾನ್ ಫ್ರಾನ್ಸಿಸ್ಕೊ ಸೇರುವುದು ಭಾನುವಾರ ಸಂಜೆ 4:30.

“ಎರಡೂವರೆ ಗಂಟೆ ಅಷ್ಟೇನಾ? ದೆಹಲಿಗೆ ಹೋದಾಗಲೇ ಇದಕ್ಕಿಂತ ಜಾಸ್ತಿ ಆಗಿತ್ತಲ್ಲೋ!”

ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ, ಟಿಕೆಟ್‌ನಲ್ಲಿ ಬರೆದದ್ದನ್ನೇ ತಾನೇ ಅವರು ಓದಿದ್ದು? ಪ್ರಯಾಣ ಹದಿನಾರು ಗಂಟೆ ಎಂದೆ. ದೂರ ಎಷ್ಟು ಎಂದು ಕೇಳಿದರು. ಫೋನಿನಲ್ಲಿ ಹುಡುಕಿದೆ. ಸುಮಾರು 14,000 ಕಿ.ಮೀ. ಎಂದು ಬಂತು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬರುವಾಗಿನ ವಿಮಾನ ನೋಡಿದರೆ ಅದಕ್ಕೆ ಹದಿನೇಳೂವರೆ ಗಂಟೆ! “ಹೋಗೋ ದಾರಿ ಒಂದಾ, ಬರೋ ದಾರಿ ಒಂದಾ?” ಎಂದರು ದೊಡ್ಡಮ್ಮ.

ಹೌದು, ಹಾಗೇ. ದೂರ ಎಂದು ನಮಗೆ ಕಾಣುವ ಅಂಕಿ ಯಾವ ವಿಮಾನವೂ ಹಾರದ ಒಂದು ಗೆರೆಯದು. ಗಂಟೆಯ ಲೆಕ್ಕ ಆ ಗೆರೆಯಿಂದ ಬಂದದ್ದಲ್ಲ. ಗಡಿಯಾರದ ಲೆಕ್ಕ ಇವೆರಡಕ್ಕೂ ಸಂಬಂಧವಿಲ್ಲದ್ದು. ಮೂರೂ ಒಂದೇ ಪರದೆಯ ಮೇಲೆ ಪಕ್ಕಪಕ್ಕ ಕೂತಿರುತ್ತವೆ, ಒಂದೇ ಮನೆಯವರ ಹಾಗೆ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲು ಸುಲಭದ ದಾರಿ ನೋಡೋಣ: ಬೆಂಗಳೂರಿನಿಂದ ದೆಹಲಿ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, 77 ಡಿಗ್ರಿಯ ಆಸುಪಾಸು. ಅಂದರೆ ದೆಹಲಿ ನಮ್ಮ ತಲೆಯ ಮೇಲೆ, ನೇರ ಉತ್ತರಕ್ಕೆ. ದೇವನಹಳ್ಳಿ ವಿಮಾನ ನಿಲ್ದಾಣದ ಅಕ್ಷಾಂಶ 13.2 ಡಿಗ್ರಿ. ದೆಹಲಿಯದು 28.6. ನಡುವೆ 15.4 ಡಿಗ್ರಿ. ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಗುಣಿಸಿದರೆ 1,709. ಜಾಲತಾಣಗಳು ಹೇಳುವುದು 1,700ರ ಆಜುಬಾಜು. ಕಾಗದದ ಹಿಂಬದಿಯಲ್ಲಿ ಹಾಕಿದ ಲೆಕ್ಕಕ್ಕೆ ಇದು ಸಾಕು.

ಇನ್ನು ಹೊತ್ತು. ಪ್ರಯಾಣಿಕರ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 850 ಕಿ.ಮೀ. ಹೋಗುತ್ತದೆ ಅಂದುಕೊಳ್ಳೋಣ. 1,700ಕ್ಕೆ ಎರಡು ಗಂಟೆ. ಹತ್ತಲು, ಇಳಿಯಲು, ನೆಲದ ಮೇಲೆ ಓಡಾಡಲು ಮುಕ್ಕಾಲು ಗಂಟೆ ಸೇರಿಸಿ. ಎರಡೂ ಮುಕ್ಕಾಲು. ಟಿಕೆಟ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಊರಿನ ಹೆಸರು ಹಾಕಿದರೆ ಹಾರಾಟದ ಹೊತ್ತು ಹೇಳುವ ತಾಣಗಳಲ್ಲಿ ಬಹಳಷ್ಟು ಮಾಡುವುದು ಇದನ್ನೇ: ದೂರವನ್ನು ಒಂದು ಗೊತ್ತಾದ ವೇಗದಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಹಾಕುವುದು. ದೊಡ್ಡ ವಿದ್ಯೆಯೇನಲ್ಲ.

ಅದೇ ಸೂತ್ರವನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಹಾಕಿದರೆ ಎಡವುತ್ತದೆ. ಯಾಕೆಂದು ತೋರಿಸಲು ಅಣ್ಣನ ಮಗನ ಗ್ಲೋಬನ್ನು ಕಪಾಟಿನಿಂದ ಇಳಿಸಿ ಧೂಳು ಒರೆಸಿದೆ. ದೊಡ್ಡಮ್ಮ ಹೂ ಕಟ್ಟುವ ದಾರದ ಉಂಡೆ ತಂದುಕೊಟ್ಟರು.

ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅವರೇ ಹೆಬ್ಬೆರಳಲ್ಲಿ ಒತ್ತಿ ಹಿಡಿದರು. ಇನ್ನೊಂದು ತುದಿಯನ್ನು ನಾನು ಕ್ಯಾಲಿಫೋರ್ನಿಯಾದ ಕರಾವಳಿಗೆ ಹಿಡಿದೆ. ಮೊದಲು ಗೋಡೆಯ ಭೂಪಟದಲ್ಲಿ ಕಾಣುವ ಹಾಗೆ ಪೂರ್ವಕ್ಕೆ ಹಾಸಿದೆ: ಬರ್ಮಾ, ಚೀನಾದ ದಕ್ಷಿಣ, ಆಮೇಲೆ ಪೂರ್ತಿ ಪೆಸಿಫಿಕ್ ಸಾಗರ. ಆಮೇಲೆ ಸುಮ್ನೆ ದಾರ ಬಿಗಿ ಮಾಡಿದೆ. ದಾರ ತಾನಾಗಿಯೇ ಜಾರಿ ಮೇಲಕ್ಕೆ ಹೋಯಿತು! ಜಪಾನ್ ಬಿಟ್ಟಿತು, ಮಂಗೋಲಿಯಾ ದಾಟಿತು, ಸೈಬೀರಿಯಾದ ನೆತ್ತಿಯ ಮೇಲೆ ಹೋಗಿ ಕೂತಿತು. ನನ್ನ ಕೈಯಲ್ಲಿ ಒಂದು ಬೆರಳಿನಷ್ಟು ದಾರ ಉಳಿಯಿತು.

ಉಳಿದ ಆ ಬೆರಳಿನಷ್ಟು ದಾರ ಅಂದರೆ 2,000 ಕಿಲೋಮೀಟರ್‌ಗೂ ಜಾಸ್ತಿ. ಗೋಡೆ ಭೂಪಟದ ಮೇಲೆ ಸ್ಕೇಲ್ ಇಟ್ಟು ಎಳೆದ ನೇರ ಗೆರೆಯಲ್ಲೇ ಹೋದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಬಿಗಿದ ದಾರದ ದಾರಿ 14,000ಕ್ಕೆ ಹತ್ತು ಕಿಲೋಮೀಟರ್ ಕಮ್ಮಿ. ಚೆಂಡಿನ ಮೇಲೆ ಎರಡು ಚುಕ್ಕೆಗಳ ನಡುವಿನ ಅತಿ ಹತ್ತಿರದ ದಾರಿ ಇದು. ಇದಕ್ಕೆ ಮಹಾವೃತ್ತ ಎನ್ನುತ್ತಾರೆ. ಆ ದಾರಿಯನ್ನು ಮುಂದುವರಿಸುತ್ತಾ ಹೋದರೆ ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ದೊಡ್ಡ ಬಳೆ ಆಗುತ್ತದೆ.

ಗೋಡೆ ಭೂಪಟ ಸುಳ್ಳು ಹೇಳುತ್ತದೆಯೇ ಎಂದರೆ, ಹೇಳಲೇಬೇಕು. ಕಿತ್ತಳೆ ಸಿಪ್ಪೆಯನ್ನು ಹರಿಯದೆ ಚಪ್ಪಟೆ ಮಾಡಲು ಆಗುವುದಿಲ್ಲ. ನಾವು ಹೆಚ್ಚಾಗಿ ನೋಡುವ ಭೂಪಟದ ಮಾದರಿಯನ್ನು ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಹಡಗಿನವರಿಗಾಗಿ ಮಾಡಿದ. ದಿಕ್ಸೂಚಿ ಒಂದೇ ಕಡೆ ಇಟ್ಟುಕೊಂಡು ಹೋದರೆ ಅದರಲ್ಲಿ ನೇರ ಗೆರೆ ಬರುತ್ತದೆ. ಅದಕ್ಕೆ ತೆತ್ತ ಬೆಲೆ ಏನೆಂದರೆ, ಧ್ರುವದ ಕಡೆಯ ಜಾಗಗಳೆಲ್ಲ ಊದಿಕೊಂಡವು. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ವಿಮಾನದ ಸೀಟಿನ ಮುಂದಿನ ಪರದೆಯಲ್ಲಿ ದಾರಿ ಬಿಲ್ಲಿನ ಹಾಗೆ ಬಾಗಿ ಕಂಡರೆ, ವಿಮಾನ ಸುತ್ತು ಹಾಕುತ್ತಿದೆ ಅಂದುಕೊಳ್ಳಬೇಡಿ. ಬಾಗಿರುವುದು ಭೂಪಟ.

ಇಲ್ಲಿ ಇನ್ನೊಂದು ಸಣ್ಣ ಗುಂಡಿ ಇದೆ. ಇದೇ ದೂರ ಒಂದು ಕಡೆ 8,690 ಮೈಲಿ ಎಂದೂ ಇನ್ನೊಂದು ಕಡೆ 7,550 ಮೈಲಿ ಎಂದೂ ಕಾಣಿಸುತ್ತದೆ. ಎರಡೂ ಸರಿ. ಮೊದಲನೆಯದು ರಸ್ತೆಯ ಮೈಲಿ, 1.609 ಕಿ.ಮೀ. ಎರಡನೆಯದು ನಾಟಿಕಲ್ ಮೈಲಿ, 1.852 ಕಿ.ಮೀ. ಪೈಲಟ್‌ಗಳು ಮತ್ತು ನಾವಿಕರು ಬಳಸುವುದು ಎರಡನೆಯದನ್ನು.

ಈಗ ದಾರದ ದಾರಿಯನ್ನೇ ಹಿಡಿದು ಹೋಗೋಣ. ದೇವನಹಳ್ಳಿಯಿಂದ ಈಶಾನ್ಯಕ್ಕೆ ಹೊರಟರೆ ನೇಪಾಳದಲ್ಲಿ ಪೋಖರಾ ಹತ್ತಿರ ಹಿಮಾಲಯ ಸಿಗುತ್ತದೆ. ಆಮೇಲೆ ಟಿಬೆಟ್, ಚೀನಾದ ಶಿನ್‌ಜಿಯಾಂಗ್, ಮಂಗೋಲಿಯಾದ ಪಶ್ಚಿಮ, ಸೈಬೀರಿಯಾ. ಗೆರೆ 71 ಡಿಗ್ರಿ ಉತ್ತರದವರೆಗೆ ಏರಿ ರಷ್ಯಾದ ಉತ್ತರ ಕಡಲಂಚು ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕಾ ಮೇಲೆ ಕೆಳಗಿಳಿದು ಕ್ಯಾಲಿಫೋರ್ನಿಯಾ.

ಚೆನ್ನಾಗಿದೆ. ಆದರೆ ಹೀಗೆ ಯಾರೂ ಹೋಗುವುದಿಲ್ಲ.

ಮೊದಲ ತಡೆ ಟಿಬೆಟ್. ವಿಮಾನ ಹತ್ತು ಕಿಲೋಮೀಟರ್ ಮೇಲಿರುತ್ತದೆ, ಬೆಟ್ಟಕ್ಕೆ ತಾಗುವ ಭಯವಿಲ್ಲ. ಭಯ ಬೇರೆ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ವಿಮಾನ ಬೇಗ ಬೇಗ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ತಲೆಯ ಮೇಲಿಂದ ಬೀಳುವ ಆ ಹಳದಿ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಬರುತ್ತದೆ, ಅಷ್ಟೇ. ಟಿಬೆಟ್‌ನಲ್ಲಿ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಹಾಗಾಗಿ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

ಎರಡನೆಯದು, ಪಕ್ಕದಲ್ಲೇ ಇಳಿಯಲು ಜಾಗ. ಎರಡೇ ಎಂಜಿನ್ ಇರುವ ವಿಮಾನದಲ್ಲಿ ಒಂದು ಕೆಟ್ಟರೆ ಇನ್ನೊಂದರ ಮೇಲೆ ಗೊತ್ತುಪಡಿಸಿದ ನಿಮಿಷಗಳೊಳಗೆ ಯಾವುದಾದರೂ ನಿಲ್ದಾಣ ಸೇರುವಂತಿರಬೇಕು. ದಾರಿ ಹಾಕುವಾಗಲೇ ಇದನ್ನು ನೋಡಿರುತ್ತಾರೆ. ಇದು ಬರೀ ಕಾಗದದ ನಿಯಮವಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಊರಿನಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲೇ ಉಳಿದರು.

ಇನ್ನು ದೇಶಗಳ ಜಗಳ. ಆಕಾಶಕ್ಕೂ ಬೇಲಿ ಇದೆ. 2022ರಿಂದ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ಮುಚ್ಚಿದೆ, ಭಾರತದವರಿಗೆ ಮುಚ್ಚಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು. ಊರುಗಳ ನಡುವಿನ ದೂರ ಒಂದಿಂಚೂ ಬದಲಾಗಲಿಲ್ಲ. ಪ್ರಯಾಣದ ಹೊತ್ತು ಬದಲಾಯಿತು.

ಆದರೆ ಹೋಗುವಾಗ ಹದಿನಾರು, ಬರುವಾಗ ಹದಿನೇಳೂವರೆ ಯಾಕೆ ಎಂಬುದಕ್ಕೆ ಇದು ಯಾವುದೂ ಉತ್ತರವಲ್ಲ. ಅದಕ್ಕೆ ಕಾರಣ ಗಾಳಿ.

ಹಂಪಿಯಲ್ಲಿ ತುಂಗಭದ್ರೆಯ ಹರಿಗೋಲಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಬಿಗ ಹುಟ್ಟು ಹಾಕುವ ಬಲ ಅದೇ. ಹೊಳೆ ಹರಿಯುವ ಕಡೆ ಹೋದರೆ ದಡದ ಬಂಡೆಗಳು ಓಡುತ್ತವೆ. ಎದುರು ಹೋದರೆ ಅದೇ ಬಂಡೆ ಪಕ್ಕದಲ್ಲೇ ನಿಂತಿರುತ್ತದೆ. ವಿಮಾನಕ್ಕೆ ಗಾಳಿಯೇ ಹೊಳೆ. ಗಾಳಿಯೊಳಗೆ ಅದು ಗಂಟೆಗೆ 900 ಕಿ.ಮೀ. ಹೋಗುತ್ತದೆ ಅನ್ನಿ. ಆ ಗಾಳಿಯೇ ಗಂಟೆಗೆ 100 ಕಿ.ಮೀ. ಹರಿಯುತ್ತಿದ್ದರೆ, ನೆಲದ ಲೆಕ್ಕದಲ್ಲಿ ಒಂದು ಕಡೆಗೆ 1,000, ಇನ್ನೊಂದು ಕಡೆಗೆ 800. 14,000 ಕಿಲೋಮೀಟರ್‌ಗೆ ಒಂದು ಕಡೆ 14 ಗಂಟೆ, ಇನ್ನೊಂದು ಕಡೆ ಹದಿನೇಳೂವರೆ.

ಹೋಗುವಾಗ ಗಳಿಸಿದ್ದು ಬರುವಾಗ ಕಳೆದದ್ದಕ್ಕೆ ವಜಾ ಆಗುತ್ತದೆ ಎಂದು ನಾನೂ ಬಹಳ ದಿನ ನಂಬಿದ್ದೆ. ಆಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 31 ಗಂಟೆ 7 ನಿಮಿಷ. ಗಾಳಿ ಇದ್ದಾಗ 31 ಗಂಟೆ 30 ನಿಮಿಷ. ಎದುರು ಗಾಳಿಯಲ್ಲಿ ಕಳೆಯುವ ಗಂಟೆಗಳೇ ಜಾಸ್ತಿ, ಅಲ್ವಾ? ಅದಕ್ಕೇ ನಷ್ಟವೂ ಜಾಸ್ತಿ.

ಈ ಮೇಲಿನ ಹೊಳೆಗೆ ಜೆಟ್ ಸ್ಟ್ರೀಮ್ ಎಂದು ಹೆಸರು. ನೆಲದಿಂದ ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಮೇಲೆ, ಸರಿಯಾಗಿ ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಭೂಮಿಯ ನಡು ಬಿಸಿ, ತಲೆ ತಣ್ಣಗೆ. ಆ ವ್ಯತ್ಯಾಸ ಗಾಳಿಯನ್ನು ಧ್ರುವದ ಕಡೆ ತಳ್ಳುತ್ತದೆ. ಭೂಮಿ ತಿರುಗುವುದರಿಂದ ಅದು ಪೂರ್ವಕ್ಕೆ ತಿರುಚಿಕೊಳ್ಳುತ್ತದೆ. ಚಳಿಗಾಲದಲ್ಲಿ ವ್ಯತ್ಯಾಸ ಜಾಸ್ತಿ, ಹಾಗಾಗಿ ಗಾಳಿಯೂ ಜೋರು. ಗಂಟೆಗೆ 150, 200 ಕಿ.ಮೀ. ಮಾಮೂಲು. ಜಪಾನಿನ ಮೇಲೆ ಇದಕ್ಕಿಂತ ರಭಸವೂ ಉಂಟು.

ಇದನ್ನು ಮೊದಲು ಅಳೆದವರೂ ಜಪಾನಿನವರೇ. ವಸಾಬುರೊ ಓಯಿಶಿ ಎಂಬ ಹವಾಮಾನ ತಜ್ಞರು 1920ರ ದಶಕದಲ್ಲಿ ತತೆನೊ ಎಂಬಲ್ಲಿ ಬಲೂನು ಹಾರಿಸಿ ನೋಡಿದರು. ಅವು ಪೂರ್ವಕ್ಕೆ ಓಡುವ ವೇಗ ಕಂಡು ಬೆರಗಾದರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊದಲ್ಲಿ ಬರೆದರು. ಎಲ್ಲರಿಗೂ ಸೇರಿದ ಭಾಷೆ ಎಂದು ಕಟ್ಟಿದ ಭಾಷೆ ಅದು. ಎಲ್ಲರದ್ದೂ ಆದ್ದರಿಂದಲೋ ಏನೋ, ಓದಿದವರು ಇಲ್ಲವೆನ್ನುವಷ್ಟು ಕಡಿಮೆ. 1944ರ ಕೊನೆಯಲ್ಲಿ ಟೋಕಿಯೊ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳ ಪೈಲಟ್‌ಗಳಿಗೆ ಈ ಗಾಳಿ ಎದುರಾದಾಗ ಅವರು ಕಕ್ಕಾಬಿಕ್ಕಿ. ಅತ್ತ ಜಪಾನಿನವರು ಅದೇ ಗಾಳಿಗೆ ಕಾಗದದ ಬಲೂನು ಕಟ್ಟಿ, ಅದಕ್ಕೆ ಬಾಂಬು ನೇತುಹಾಕಿ, ಪೆಸಿಫಿಕ್ ಆಚೆ ಅಮೆರಿಕಕ್ಕೆ ತೇಲಿಬಿಟ್ಟರು. ಹೀಗೆ ಬಿಟ್ಟದ್ದು ಒಂಬತ್ತು ಸಾವಿರಕ್ಕೂ ಹೆಚ್ಚು.

ಅದೇ ಗಾಳಿ ಈಗ ಡೀಸೆಂಟಾದ ಕೆಲಸ ಮಾಡುತ್ತಿದೆ. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಅದನ್ನು ಪೆಸಿಫಿಕ್ ಕಡೆ ತಿರುಗಿಸಿತು. ದೂರ 15,300 ಕಿ.ಮೀ. ಆಯಿತು. ಅಂದರೆ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಬೇಗ ತಲುಪಿತು! ದೂರದ ದಾರಿಯೇ ಹತ್ತಿರವಾಯಿತು. ದೂರ ಮತ್ತು ಹೊತ್ತು ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆನ್ನುಗಾಳಿ ಜೋರಾದರೆ ಏನಾಗಬಹುದು ಎಂಬುದನ್ನು 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ತೋರಿಸಿತು. ಬಿರುಗಾಳಿಯ ಹೊತ್ತಲ್ಲಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷ. ನೆಲದ ಲೆಕ್ಕದಲ್ಲಿ ವೇಗ ಗಂಟೆಗೆ ಸುಮಾರು 1,300 ಕಿ.ಮೀ. ಮುಟ್ಟಿತ್ತು. ಹಾಗಂತ ಅದು ಶಬ್ದದ ವೇಗ ಮೀರಲಿಲ್ಲ. ತನ್ನ ಸುತ್ತಲಿನ ಗಾಳಿಯೊಳಗೆ ಅದು ಮಾಮೂಲು ವೇಗದಲ್ಲೇ ಇತ್ತು. ಹೊಳೆಯೇ ಓಡಿತು.

ದೆಹಲಿ ಲೆಕ್ಕ ಅಷ್ಟು ಸಲೀಸಾಗಿ ಸರಿಹೋದದ್ದು ಯಾಕೆಂದು ಈಗ ಗೊತ್ತಾಯಿತಲ್ಲ? ಅದು ಉತ್ತರ ದಕ್ಷಿಣದ ದಾರಿ. ಗಾಳಿ ಬರುವುದು ಪಕ್ಕದಿಂದ. ಹೋಗುವುದಕ್ಕೂ ಬರುವುದಕ್ಕೂ ಹೆಚ್ಚು ವ್ಯತ್ಯಾಸ ಬೀಳುವುದಿಲ್ಲ.

ಹಾಗಾದರೆ ಬೆಂಗಳೂರಿಗೆ ವಾಪಸ್ ಬರುವ ವಿಮಾನ ಏನು ಮಾಡಬೇಕು? ಪೆಸಿಫಿಕ್ ಮೇಲೆ ಬಂದರೆ ಗಾಳಿ ಎದುರು. ಗಾಳಿಯ ಹೊಳೆಯಿಂದ ತಪ್ಪಿಸಿಕೊಳ್ಳಲು ಒಂದು ಉಪಾಯ ಉತ್ತರಕ್ಕೆ ಹೋಗಿಬಿಡುವುದು. ಈ ಎರಡು ಊರುಗಳ ನಡುವಿನ ಮೊದಲ ನೇರ ಹಾರಾಟ ಹಾಗೇ ಬಂತು. 2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾದ ಬೋಯಿಂಗ್ 777 ಉತ್ತರ ಧ್ರುವದ ಮೇಲೆ ಹಾದು 11ನೇ ತಾರೀಖು ಸೋಮವಾರ ನಸುಕಿಗೆ ದೇವನಹಳ್ಳಿಯಲ್ಲಿ ಇಳಿಯಿತು. ಹಾರಿಸಿದ್ದು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಾರರು, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ. ಹಾರಿದ ದೂರ ಸುಮಾರು 16,000 ಕಿ.ಮೀ. ಎಂದು ಆಗ ಪೇಪರಿನಲ್ಲಿ ಬಂದಿತ್ತು, ಹಿಡಿದ ಹೊತ್ತು 17 ಗಂಟೆ ಮೇಲೆ. ದಾರದ ಲೆಕ್ಕ 14,000. ಎರಡರ ನಡುವಿನ ಆ 2,000 ಕಿ.ಮೀ. ಎಲ್ಲಿಂದ ಬರುತ್ತದೆ ಎಂದು ಇಲ್ಲಿಯವರೆಗೆ ನೋಡಿದ್ದೇವೆ.

ನಡುವೆ ಇಳಿದು ಹೋಗುವವರ ಕತೆ ಬೇರೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150, ಒಟ್ಟು 16,550 ಕಿ.ಮೀ. ಮೇಲೆ ನಿಲ್ದಾಣದಲ್ಲಿ ಕಾಯುವ ಹೊತ್ತು.

ಟಿಕೆಟ್‌ನ ಗಂಟೆಯ ಬಗ್ಗೆಯೂ ಎರಡು ಮಾತು. ಅದು ಗಾಳಿಯಲ್ಲಿರುವ ಹೊತ್ತಲ್ಲ. ನಿಂತ ಜಾಗದಿಂದ ವಿಮಾನ ಅಲುಗಿದ ಕ್ಷಣದಿಂದ, ಅಲ್ಲಿ ಹೋಗಿ ನಿಲ್ಲುವವರೆಗಿನದು. ಮಂಗಳೂರಿನ ವಿಮಾನದಲ್ಲಿ ಇದು ಎದ್ದು ಕಾಣುತ್ತದೆ. ಬೆಂಗಳೂರಿನಿಂದ ಆಕಾಶದ ದೂರ 305 ಕಿ.ಮೀ. ಜೆಟ್ ವೇಗದಲ್ಲಿ ಇಪ್ಪತ್ತೆರಡು ನಿಮಿಷದ ದಾರಿ. ಟಿಕೆಟ್‌ನಲ್ಲಿ ಒಂದು ಗಂಟೆಗೂ ಮೇಲೆ. ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ನೀರಿನ ಬಾಟಲಿ ಮುಚ್ಚಳ ತೆಗೆಯುವುದರೊಳಗೆ ಬೆಲ್ಟ್ ಹಾಕಿ ಎನ್ನುತ್ತಾರೆ. ರನ್‌ವೇಗೆ ಹೋಗುವ ಸರದಿ, ಇಳಿಯುವ ಮೊದಲು ಮೇಲೆ ಹಾಕಿಸುವ ಸುತ್ತು, ಎಲ್ಲಕ್ಕೂ ಮೊದಲೇ ಜಾಗ ಬಿಟ್ಟಿರುತ್ತಾರೆ. ಸ್ವಲ್ಪ ಧಾರಾಳವಾಗಿಯೇ ಬಿಟ್ಟಿರುತ್ತಾರೆ. ಹೇಳಿದ ಹೊತ್ತಿಗಿಂತ ತಡ ಹದಿನೈದು ನಿಮಿಷದೊಳಗಿದ್ದರೆ ‘ಸರಿಯಾದ ಸಮಯಕ್ಕೆ’ ಬಂದ ಲೆಕ್ಕ. ಹೀಗಿರುವಾಗ ಕೈ ಬಿಗಿ ಮಾಡುವವರು ಯಾರು? ಮನೆಯಿಂದ ದೇವನಹಳ್ಳಿಗೆ ಹೋಗುವ ಹೊತ್ತು ಮಾತ್ರ ಯಾವ ಟಿಕೆಟ್‌ನಲ್ಲೂ ಇರುವುದಿಲ್ಲ. ಜಯನಗರದವರು ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು.

ಕೊನೆಗೆ ದೊಡ್ಡಮ್ಮನ ಎರಡೂವರೆ ಗಂಟೆ. ಟಿಕೆಟ್‌ನಲ್ಲಿ ಹೊರಡುವುದು ಇಲ್ಲಿನ ಗಡಿಯಾರದಲ್ಲಿ, ಸೇರುವುದು ಅಲ್ಲಿನ ಗಡಿಯಾರದಲ್ಲಿ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಹದಿನಾರು ಗಂಟೆ ಸೇರಿಸಿದರೆ ನಮ್ಮ ಸೋಮವಾರ ಬೆಳಿಗ್ಗೆ ಆರು. ಅದರಲ್ಲಿ ಹದಿಮೂರೂವರೆ ಕಳೆದರೆ ಅಲ್ಲಿನ ಭಾನುವಾರ ಸಂಜೆ ನಾಲ್ಕೂವರೆ. ಬೆರಳು ಎಣಿಸಿ ನೋಡಿದರು, ಒಪ್ಪಿದರು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಂಗಾದ್ರೆ ಶನಿವಾರ ಹೊರಟಿದ್ರೆ?”

ದೊಡ್ಡಮ್ಮನಿಗೆ ಶನಿವಾರ ಒಪ್ಪೊತ್ತು. ಮದುವೆಯಾದಾಗಿನಿಂದ ತಪ್ಪಿಸಿಲ್ಲ.

“ಶನಿವಾರ ಹೊರಟು ಶನಿವಾರವೇ ಇಳಿಯುತ್ತಿದ್ದಿರಿ. ಇಲ್ಲಿನ ಇಪ್ಪತ್ತನಾಲ್ಕು ಗಂಟೆ, ಮೇಲೆ ಹದಿಮೂರೂವರೆ. ಮೂವತ್ತೇಳೂವರೆ ಗಂಟೆಯ ಶನಿವಾರ.”

“ಅಯ್ಯೋ ರಾಮ! ಸದ್ಯ, ಭಾನುವಾರಕ್ಕೆ ಮಾಡಿಸಿದಾಳೆ.” ದಾರವನ್ನು ಉಂಡೆಗೆ ಸುತ್ತುತ್ತಾ ಮತ್ತೆ ಕೇಳಿದರು, “ಬರೋವಾಗ?”

ಬರುವಾಗ ಉಲ್ಟಾ. ಅಲ್ಲಿಂದ ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹತ್ತಿದರೆ ಇಲ್ಲಿ ಭಾನುವಾರ ನಸುಕಿಗೆ ಇಳಿಯುವುದು. ನಡುವಿನ ಶನಿವಾರ ಪೂರ್ತಿ ಆಕಾಶದಲ್ಲೇ ಮುಗಿಯುತ್ತದೆ, ಬರೀ ಹತ್ತೂವರೆ ಗಂಟೆ. ಮಾರ್ಚ್ ಎರಡನೇ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಬಂದರೆ ಹನ್ನೊಂದೂವರೆ.

“ವಾಪಸ್ ಟಿಕೆಟ್ ಇನ್ನೂ ಮಾಡಿಸಿಲ್ಲ ತಾನೇ?” ಎಂದರು. “ಅವಳಿಗೆ ಈಗಲೇ ಫೋನ್ ಮಾಡು. ಶುಕ್ರವಾರ ರಾತ್ರೀದೇ ಹಾಕ್ಸು ಅನ್ನು. ಮಾರ್ಚ್ ಒಳಗೆ.”